ಟ್ರೋಲ್ ಹೊಡೆದು ಬಂದು ಫಾರಂ ತುಂಬೋ ಮನುಷ್ಯ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಸಿನಿಮಾ ಪುಟದಲ್ಲಿ ಒಬ್ರು ಬರೆದಿದ್ದನ್ನ ಓದಿದೆ. ಕೈಯಲ್ಲಿ ಕ್ಯಾಮೆರಾ ಹಿಡ್ಕೊಂಡು ಓಡ್ತಾ ತೆಗೆಯೋ ರಾಕ್ಷಸರ ಸಿನಿಮಾಗಳೆಲ್ಲ ದುಡ್ಡಿಲ್ಲದವರ ಕಣ್ಕಟ್ಟು, ತಲೆಸುತ್ತು ಬರೋದು ಬಿಟ್ರೆ ಅದರಲ್ಲಿ ಏನೂ ಇಲ್ಲ, ರಾಕ್ಷಸನ್ನ ಸರಿಯಾಗಿ ತೋರ್ಸೋ ತಾಕತ್ತಿಲ್ದೆ ಕತ್ತಲಲ್ಲಿ ಬಚ್ಚಿಡ್ತಾರೆ ಅಂತ. ತಲೆಸುತ್ತು ಬರೋದು ನಿಜ, ಒಪ್ಪಿದೆ, ನಮ್ಮನೆಯವಳು ಹತ್ತೇ ನಿಮಿಷಕ್ಕೆ ಎದ್ದು ಅಡುಗೆಮನೆಗೆ ಹೋದ್ಲು. ಬಾಕಿ ಮಾತಿಗೆ ಮಾತ್ರ ನನ್ನ ತಕರಾರಿದೆ. ಚುಟುಕಾಗಿ ಬರೀಬೇಕು ಅಂತಾನೇ ಕೂತೆ, ಆಗ್ಲಿಲ್ಲ, ಉದ್ದ ಆಯ್ತು ಅನ್ಸಿದ್ರೆ ಕತ್ತರಿ ಹಾಕಿ.

ನಾನು ಸಿನಿಮಾ ಪಂಡಿತ ಅಲ್ಲ ಸಾರ್. 31 ವರ್ಷ ಹೈಟೆನ್ಷನ್ ಲೈನ್ ಮೇಂಟೆನೆನ್ಸಲ್ಲಿ ದುಡಿದು ರಿಟೈರ್ ಆದೋನು, ಸಾಗರದ ಕಡೆಯವನು. ಹೋದ ಮಳೆಗಾಲದಲ್ಲಿ ಮಗಳು ಊರಿಗೆ ಬಂದಾಗ, ಅಪ್ಪಾ ಇದರಲ್ಲಿ ನಿಮ್ಮ ಡಿಪಾರ್ಟ್‌ಮೆಂಟ್ ವಿಷಯ ಬರತ್ತೆ ನೋಡಿ ಅಂತ ಲ್ಯಾಪ್‌ಟಾಪಲ್ಲಿ ಒಂದು ಸಿನಿಮಾ ಹಾಕ್ಕೊಟ್ಳು. ನಾರ್ವೆ ದೇಶದ್ದು, 2010ರಲ್ಲಿ ಬಂದಿದ್ದು, ಆಂಡ್ರೆ ಓವ್ರೆಡಾಲ್ ಅನ್ನೋರು ಮಾಡಿದ್ದು. ಇಂಗ್ಲಿಷಲ್ಲಿ ಟ್ರೋಲ್ ಹಂಟರ್ ಅಂತ ಹೆಸರು. ಟ್ರೋಲ್ ಅಂದ್ರೆ ನಮ್ಮ ಹುಡುಗ್ರು ಫೇಸ್‌ಬುಕ್ಕಲ್ಲಿ ಒಬ್ರನ್ನ ಹಿಡ್ಕೊಂಡು ಆಡ್ಕೋತಾರಲ್ಲ ಅದಲ್ಲ ಮತ್ತೆ, ಅಲ್ಲಿನ ಅಜ್ಜಿಕತೆಗಳಲ್ಲಿ ಬರೋ ಗುಡ್ಡದಷ್ಟು ದೊಡ್ಡ ಪೆದ್ದು ರಾಕ್ಷಸ, ಬಿಸಿಲು ಬಿದ್ರೆ ಕಲ್ಲಾಗಿಬಿಡತ್ತೆ ಅಂತ ನಂಬಿಕೆ.

ಸಿನಿಮಾ ಶುರುವಾಗೋದೇ ಒಂದು ಒಣ ನೋಟೀಸಿಂದ. ಯಾರೋ ಹೆಸರು ಹಾಕದೆ 2 ಹಾರ್ಡ್‌ಡಿಸ್ಕ್ ಕಳ್ಸಿದಾರೆ, ಅದರಲ್ಲಿ 283 ನಿಮಿಷದ ಫೂಟೇಜ್ ಇದೆ, ಅದನ್ನ ಕತ್ತರಿಸಿ ಜೋಡಿಸಿದೀವಿ ಅಷ್ಟೇ, ಪರಿಶೀಲನೆ ಮಾಡಿದ್ವಿ ಅಸಲಿ ಅಂತ ಗೊತ್ತಾಯ್ತು, ಹಿಂಗೆ. ಪಂಚನಾಮೆ ಓದಿದ ಹಂಗಿರತ್ತೆ. ಸುಳ್ಳು ಅಂತ ನಮಗೂ ಗೊತ್ತು ಅವರಿಗೂ ಗೊತ್ತು, ಆದ್ರೂ 283 ಅನ್ನೋ ಆ ಬಿಡಿ ಲೆಕ್ಕ ಇದೆಯಲ್ಲ, 300 ಅಂದಿದ್ರೆ ನಾನು ನಗ್ತಿದ್ದೆ, 283 ಅಂದಾಗ ಸುಮ್ನೆ ಕೂತೆ.

ವೋಲ್ಡಾ ಅನ್ನೋ ಊರಿನ ಕಾಲೇಜು ಹುಡುಗ್ರು ಮೂರು ಜನ, ಥಾಮಸ್ಸು, ಯೊಹಾನ್ನಾ, ಕ್ಯಾಮೆರಾ ಹಿಡಿಯೋ ಕಲ್ಲೆ. ಯಾರೋ ಲೈಸೆನ್ಸ್ ಇಲ್ದೆ ಕರಡಿ ಹೊಡೀತಿದಾನೆ ಅನ್ನೋ ಸುದ್ದಿ ಹಿಡ್ಕೊಂಡು ಡಾಕ್ಯುಮೆಂಟರಿ ಮಾಡೋಕೆ ಹೊರಡ್ತಾರೆ. ಅನುಮಾನ ಬಂದಿದ್ದು ಹಾನ್ಸ್ ಅನ್ನೋನ ಮೇಲೆ, ಗಡ್ಡ ಬಿಟ್ಟ, ಯಾರ್ ಹತ್ರಾನೂ ಮಾತಾಡದ, ನಾತ ಹೊಡೆಯೋ ಹಳೇ ಲ್ಯಾಂಡ್‌ರೋವರ್ ಓಡಿಸ್ಕೊಂಡು ರಾತ್ರಿ ಹೊತ್ತು ಕಾಡಿಗೆ ಹೋಗೋ ಮನುಷ್ಯ. ಹುಡುಗ್ರು ಬೆನ್ನು ಬೀಳ್ತಾರೆ, ಅವನು ಬೈದು ಅಟ್ತಾನೆ, ಇವ್ರು ಬಿಡಲ್ಲ.

ಮೊದಲ ರಾತ್ರಿ ಅವನ ಹಿಂದೆ ಕದ್ದು ಕಾಡಿಗೆ ಹೋಗ್ತಾರಲ್ಲ ಆ ಭಾಗ ನೋಡ್ಬೇಕು ನೀವು. ಏನೂ ಕಾಣಲ್ಲ. ಕ್ಯಾಮೆರಾ ಲೈಟಿನ ಎದುರು ನಾಲ್ಕು ಮರದ ಕಾಂಡ, ಅದರಾಚೆ ಕಪ್ಪು. ದೂರದಲ್ಲಿ ಬಿಳೀ ಬೆಳಕು ಚಕ್ ಚಕ್ ಅಂತ ಎರಡು ಮೂರು ಸಲ ಹೊಳೆಯತ್ತೆ, ಏನೋ ಗರ್ಜಿಸತ್ತೆ, ಮರ ಮುರಿಯೋ ಸದ್ದು ಹತ್ರ ಬರ್ತಾ ಇದೆ, ಹುಡುಗ್ರು ಒಬ್ಬರ ಮುಖ ಒಬ್ರು ನೋಡ್ತಾ ನಿಂತಿದಾರೆ, ಅಷ್ಟರಲ್ಲಿ ಹಾನ್ಸ್ ಕತ್ತಲಿಂದ ಇವರ ಕಡೆಗೇ ಓಡಿ ಬಂದು ಟ್ರೋಲ್ ಅಂತ ಒಂದೇ ಒಂದು ಮಾತು ಕೂಗಿ ದಾಟ್ಕೊಂಡು ಹೋಗ್ತಾನೆ. ಆಮೇಲೆ ಬರೀ ಓಟ. ಪರದೆ ಮೇಲೆ ನೆಲ, ಶೂ, ಎಲೆ, ಉಸಿರು. ಥಾಮಸ್‌ಗೆ ಏನೋ ಕಚ್ಚಿಬಿಡತ್ತೆ, ಏನು ಅಂತ ನಮಗೂ ಕಾಣಲ್ಲ ಅವನಿಗೂ ಕಾಣಲ್ಲ. ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಇಲ್ಲ, ಈಗ ಹೆದರ್ಕೊಳ್ಳಿ ಅಂತ ಪಿಟೀಲು ಬಾರಿಸೋರು ಯಾರೂ ಇಲ್ಲ. ಲೇಖನದವರು ಬಚ್ಚಿಡೋದು ಅಂದ್ರಲ್ಲ, ಇದನ್ನೇ.

ನಾನು ಹೇಳೋದು ಕೇಳಿ. ಲೈನ್ ಪದೇ ಪದೇ ಟ್ರಿಪ್ ಆಗ್ತಿದ್ರೆ ರಾತ್ರಿ ಪ್ಯಾಟ್ರೋಲಿಂಗ್ ಹೋಗೋದು ನಮ್ಮ ಕೆಲಸ. ಕಾಡೊಳಗೆ ಟವರ್‌ನಿಂದ ಟವರ್‌ಗೆ ನಡ್ಕೊಂಡು, ತಂತಿ ನೇತು ಹಾಕೋ ಬಿಲ್ಲೆ, ಅದೇ ಇನ್ಸುಲೇಟರ್ ಡಿಸ್ಕ್, ಯಾವುದು ಪಂಚರ್ ಆಗಿದೆ, ಎಲ್ಲಿ ಕಿಡಿ ಹಾರ್ತಿದೆ ಅಂತ ಕತ್ತೆತ್ತಿ ನೋಡ್ತಾ ಹೋಗ್ಬೇಕು, ರಾತ್ರಿ ಹೋಗೋದೂ ಅದಕ್ಕೇನೇ, ಹಗಲಲ್ಲಿ ಕಿಡಿ ಕಾಣಲ್ಲ. ಇಬ್ಬನಿ ಬಿದ್ದ ರಾತ್ರಿ 220 ಕೆವಿ, ಅಂದ್ರೆ 2.2 ಲಕ್ಷ ವೋಲ್ಟ್‌ನ ಲೈನ್ ಕೆಳಗೆ ನಿಂತ್ರೆ ತಲೆ ಮೇಲೆ ಗುಂಯ್ ಅಂತ ಜೇನು ಎದ್ದ ಹಂಗೆ ಸದ್ದು ಬರ್ತಿರತ್ತೆ, ಕೈಯಲ್ಲಿ ಒಂದು ಟಾರ್ಚು. ಟಾರ್ಚ್ ಬೆಳಕಲ್ಲಿ ಕಾಣೋದು ಒಂದು ಚಾಪೆ ಅಗಲದ ಜಾಗ. ಆ ಚಾಪೆ ಮೇಲೆ ಹಾವಿದ್ರೂ ಅಷ್ಟು ಹೆದ್ರಿಕೆ ಆಗಲ್ಲ ಸಾರ್, ದಾಟ್ಕೊಂಡು ಹೋಗ್ತೀವಿ. ಚಾಪೆ ಆಚೆ ಒಂದು ಕಡ್ಡಿ ಲಟಕ್ ಅಂದ್ರೆ ನೋಡಿ. ಒಂದ್ಸಲ ನಾನು ನಮ್ಮ ಗ್ಯಾಂಗ್‌ಮನ್ನು ಹಂಗೇ ಅರ್ಧ ಗಂಟೆ ಅಲ್ಲಾಡದೆ ನಿಂತಿದ್ವಿ, ಯಾರದ್ದೋ ಮನೆ ಎಮ್ಮೆ, ಕೊರಳಲ್ಲಿ ಗಂಟೆ ಇರಲಿಲ್ಲ. ಆ ಎಮ್ಮೆ ಕಾಣೋವರೆಗೂ ಅದು ಎಮ್ಮೆ ಆಗಿರಲಿಲ್ಲ. ಈ ಸಿನಿಮಾ ತೆಗೆದೋರಿಗೆ ಆ ಚಾಪೆಯ ಲೆಕ್ಕ ಚೆನ್ನಾಗಿ ಗೊತ್ತು, ಬೇಕಾದಷ್ಟು ದುಡ್ಡಿದ್ದೋರು ದೊಡ್ಡ ದೊಡ್ಡ ಲೈಟ್ ಹಾಕಿ ಇಡೀ ಕಾಡು ಬೆಳಗಿಸ್ತಾರೆ, ಅಲ್ಲಿಗೆ ಕಾಡು ಸೆಟ್ ಆಗೋಯ್ತು.

ದುಡ್ಡಿನ ಮಾತು ಬಂತಲ್ಲ ಅದನ್ನೂ ಮುಗಿಸಿಬಿಡ್ತೀನಿ. ಇದಕ್ಕೆ ಖರ್ಚಾಗಿದ್ದು ಸುಮಾರು 35 ಲಕ್ಷ ಡಾಲರ್ ಅಂತಾರೆ. ನಮಗೆ ದೊಡ್ಡದೇ, ಆದ್ರೆ ಅದಕ್ಕೆ 2 ವರ್ಷ ಮುಂಚೆ, 2008ರಲ್ಲಿ, ಅಮೆರಿಕದವರು ನ್ಯೂಯಾರ್ಕ್ ಮೇಲೆ ರಾಕ್ಷಸನ್ನ ಬಿಟ್ಟು ಇದೇ ಹ್ಯಾಂಡಿಕ್ಯಾಮ್ ಧಾಟಿಯಲ್ಲಿ ಕ್ಲೋವರ್‌ಫೀಲ್ಡ್ ಅಂತ ತೆಗೆದ್ರಲ್ಲ ಅದಕ್ಕೆ 2.5 ಕೋಟಿ ಡಾಲರ್. ಇನ್ನು ಈ ಜಾತಿಗೆಲ್ಲ ದೊಡ್ಡಣ್ಣ 1999ರ ಬ್ಲೇರ್ ವಿಚ್ ಪ್ರಾಜೆಕ್ಟ್, ಅದನ್ನ 60 ಸಾವಿರ ಡಾಲರ್ ಒಳಗೇ ಶೂಟ್ ಮಾಡಿದ್ದು ಅಂತಾರೆ, ಗಳಿಸಿದ್ದು 24 ಕೋಟಿ ಡಾಲರ್‌ಗಿಂತ ಜಾಸ್ತಿ. ಮೂರು ಜನ ನಟರ ಕೈಗೇ ಕ್ಯಾಮೆರಾ ಕೊಟ್ಟು ಮೇರಿಲ್ಯಾಂಡ್ ಕಾಡಿಗೆ ಬಿಟ್ರು, 8 ದಿನದಲ್ಲಿ ಶೂಟಿಂಗ್ ಮುಗೀತು, ದಿನ ಹೋದ ಹಂಗೆ ಊಟ ಕಮ್ಮಿ ಮಾಡ್ತಾ ಬಂದ್ರು, ಕೊನೆ ಕೊನೆಗೆ ಅವರ ಸಿಡುಕು ಆ್ಯಕ್ಟಿಂಗೋ ಹೊಟ್ಟೆ ಹಸಿವೋ ಗೊತ್ತಾಗಲ್ಲ. ನಟರನ್ನ ಹಂಗೆ ಸತಾಯಿಸೋದು ನನಗಂತೂ ಹಿಡಿಸ್ಲಿಲ್ಲ. ಆದ್ರೂ ಅದರಲ್ಲಿ ಮಾಟಗಾತಿ ಒಂದೇ ಒಂದು ಸಲಾನೂ ಕಾಣಲ್ಲ ಅನ್ನೋದನ್ನ ಲೇಖನ ಬರೆದೋರು ನೆನಪಿಟ್ಕೋಬೇಕು.

ಟ್ರೋಲ್ ಸಿನಿಮಾದವರು ಹಂಗಲ್ಲ, ಇವರು ತೋರಿಸ್ತಾರೆ. ಮೂರು ತಲೆ ಟ್ರೋಲ್ ಬರತ್ತೆ, ಸೇತುವೆ ಕೆಳಗಿಂದು ಬರತ್ತೆ, ಮಂಜು ಬಿದ್ದ ಬಯಲಲ್ಲಿ ಗುಡ್ಡದಂತಾದ್ದು ಬರತ್ತೆ. ಹಂಗಿದ್ರೂ ನಂಬಿಕೆ ಬರತ್ತೆ, ಯಾಕೆ ಅಂತ ನಾನು ಎರಡನೇ ಸಲ ನೋಡಿದಾಗ ಗೊತ್ತಾಯ್ತು. ರಾಕ್ಷಸನಿಂದ ಅಲ್ಲ. ಹಾನ್ಸ್‌ನಿಂದ.

ಹಾನ್ಸ್ ಗೌರ್ಮೆಂಟ್ ನೌಕರ ಸಾರ್! ಟ್ರೋಲ್ ಭದ್ರತಾ ಇಲಾಖೆ ಅಂತ ಗುಟ್ಟಾಗಿ ಒಂದಿದೆ, ಟ್ರೋಲು ತನ್ನ ಜಾಗ ಬಿಟ್ಟು ಊರ ಕಡೆ ಬಂದ್ರೆ ಹೋಗಿ ಮುಗಿಸಿ ಬರೋದು ಇವನ ಡ್ಯೂಟಿ. ಕತ್ತಿ ಇಲ್ಲ ಗುರಾಣಿ ಇಲ್ಲ, ಗಾಡಿ ಮೇಲೆ ಕಟ್ಕೊಂಡಿರೋ ಅಲ್ಟ್ರಾವಯೊಲೆಟ್ ಲೈಟೇ ಆಯುಧ. ಬೆಳಕು ಬಿಡ್ತಾನೆ, ಅದು ಕಲ್ಲಾಗತ್ತೆ, ಆಮೇಲೆ ಸುತ್ತಿಗೆ ತಗೊಂಡು ಆ ಕಲ್ಲನ್ನ ಒಡೀತಾ ಕೂರ್ತಾನೆ, ರಸ್ತೆ ಕೆಲಸದವರು ಜಲ್ಲಿ ಒಡೆದ ಹಂಗೆ. ಬೆಳಗ್ಗೆ ಹೋಟೆಲಲ್ಲಿ ಕೂತ್ಕೊಂಡು ಫಾರಂ ತುಂಬ್ತಾನೆ. ಟ್ರೋಲ್ ಸಾಯಿಸಿದ್ದಕ್ಕೆ ಒಂದು ಪ್ರಿಂಟೆಡ್ ಫಾರಂ ಇದೆ! ಯಾವ ಜಾತಿದು, ಹೆಂಗೆ ಸತ್ತಿತು, ಎಲ್ಲ ಬರೀಬೇಕು. ರಾತ್ರಿ ಅಷ್ಟು ದೊಡ್ಡ ಮೂರು ತಲೆ ಪ್ರಾಣಿ ಎದುರು ನಿಂತು ಬಂದೋನ ಮುಖದಲ್ಲಿ ಇರೋ ಭಾವ ನೋಡ್ಬೇಕು, ಇನ್ನೂ ಎರಡು ಕಾಲಂ ಬಾಕಿ ಇದೆಯಲ್ಲಪ್ಪಾ ಅನ್ನೋ ಭಾವ. ನೈಟ್ ಅಲೊವೆನ್ಸ್ ಇಲ್ಲ, ಓವರ್‌ಟೈಮ್ ಇಲ್ಲ ಅಂತ ಗೊಣಗ್ತಾನೆ. ನಾನು ಲ್ಯಾಪ್‌ಟಾಪ್ ನಿಲ್ಸಿ ಮಗಳಿಗೆ ಹೇಳ್ದೆ, ಇವನು ನಮ್ಮವನು ಕಣೆ.

ಯಾಕಂದ್ರೆ ನನಗೂ ಹಂಗೇ. ಮಳೇಲಿ ಮರ ಬಿದ್ದು ಲೈನ್ ಹೋಗಿರತ್ತೆ, ರಾತ್ರಿ 2 ಗಂಟೆಗೆ ಎಲ್‌ಸಿ, ಅಂದ್ರೆ ಲೈನ್ ಆಫ್ ಮಾಡಿದೀವಿ ಕೆಲಸ ಮಾಡ್ಬಹುದು ಅನ್ನೋ ಅನುಮತಿ ತಗೊಂಡು, ಅರ್ಥಿಂಗ್ ರಾಡ್ ಹಾಕಿ, ಕೊಡಲಿ ಗರಗಸ ಹಿಡ್ಕೊಂಡು, ಮೈ ತುಂಬ ಇಂಬಳ ಹತ್ತಿಸ್ಕೊಂಡು ಲೈನಿಗೆ ಮತ್ತೆ ಕರೆಂಟ್ ಬಿಡಿಸಿ ಬಂದಿರ್ತೀವಿ, ಬೆಳಗ್ಗೆ ಲಾಗ್ ಬುಕ್ಕಲ್ಲಿ ಟೈಮ್ ಯಾಕೆ ತಿದ್ದಿದೀರಿ ಅಂತ ಕೇಳ್ತಾರೆ. ಟಿಎ ಬಿಲ್ ಹಾಕಿದ್ರೆ ಎಷ್ಟು ಕಿಲೋಮೀಟರ್ ನಡೆದ್ರಿ, ಪುರಾವೆ ಏನು ಅಂತ ವಾಪಸ್ ಬರತ್ತೆ. ಹಾನ್ಸ್ ಪಾತ್ರ ಮಾಡಿರೋ ಓಟ್ಟೊ ಯೆಸ್ಪರ್ಸೆನ್ ಅಲ್ಲಿನ ಹೆಸರಾಂತ ಹಾಸ್ಯ ಕಲಾವಿದ ಅಂತೆ, ಇದರಲ್ಲಿ ಒಂದು ಸಲಾನೂ ನಗಿಸೋಕೆ ಪ್ರಯತ್ನ ಪಡಲ್ಲ, ಅದಕ್ಕೇ ನಗು ಬರತ್ತೆ. ಟ್ರೋಲ್ ರಕ್ತದ ಸ್ಯಾಂಪಲ್ ತೆಗೀಬೇಕು ಅಂತ ತಗಡಿನ ಡಬ್ಬದಂಥ ಕವಚ ಹಾಕ್ಕೊಂಡು, ಸೇತುವೆ ಮೇಲೆ ಆಡು ಕಟ್ಟಿ ಕಾಯ್ತಾ ನಿಂತ್ಕೋತಾನೆ. ಅಲ್ಲಿನ ಮಕ್ಕಳಿಗೆಲ್ಲ ಗೊತ್ತಿರೋ ಒಂದು ಜನಪದ ಕತೆ ಇದೆ, ಮೂರು ಹೋತ ಸೇತುವೆ ದಾಟೋಕೆ ಹೋದಾಗ ಕೆಳಗಿರೋ ಟ್ರೋಲ್ ತಡೆಯೋದು, ಅದನ್ನೇ ಇಲ್ಲಿ ಡ್ಯೂಟಿ ಮಾಡಿಟ್ಟಿದಾರೆ. ಆ ಡಬ್ಬದ ಸಮೇತ ಟ್ರೋಲ್ ಅವನನ್ನ ಎತ್ತಿ ಬಡಿಯತ್ತೆ, ಎದ್ದು ಬಂದು ಏನೂ ಆಗದವರ ಹಂಗೆ ಮುಂದಿನ ಕೆಲಸ ನೋಡ್ತಾನೆ.

ಟ್ರೋಲ್ ಯಾಕೆ ಕಲ್ಲಾಗತ್ತೆ ಅನ್ನೋದಕ್ಕೂ ಒಬ್ಬ ವೆಟರ್ನರಿ ಡಾಕ್ಟರಮ್ಮ ಕೂತು ವಿವರಣೆ ಕೊಡ್ತಾಳೆ, ಬಿಸಿಲಿಂದ ಬರೋ ವಿಟಮಿನ್ ಡಿ ಅದರ ಮೈಗೆ ಒಗ್ಗಲ್ಲ, ವಯಸ್ಸಾಗಿದ್ದು ಕಲ್ಲಾಗತ್ತೆ, ಎಳೇದು ಹೊಟ್ಟೆ ಉಬ್ಬಿ ಸಿಡಿಯತ್ತೆ ಅಂತ. ಮೂರು ತಲೆಯಲ್ಲಿ ಅಸಲಿ ತಲೆ ಒಂದೇ, ಬಾಕಿದ್ದೆಲ್ಲ ವಯಸ್ಸಾದ ಮೇಲೆ ಬೆಳೆಯೋ ಗಂಟು, ಬೇರೆ ಟ್ರೋಲ್‌ನ ಹೆದ್ರಿಸೋಕೆ ಅಂತ ಹಾನ್ಸ್ ಹೇಳ್ತಾನೆ. ಪೂರಾ ಬುರುಡೆ, ಆದ್ರೆ ಕರು ಹಾಕಿದ ಹಸುವಿಗೆ ಕ್ಯಾಲ್ಸಿಯಂ ಬಾಟ್ಲಿ ಏರಿಸೋ ಡಾಕ್ಟ್ರು ಮಾತಾಡೋ ಅದೇ ಧ್ವನೀಲಿ ಹೇಳಿದ್ರೆ ಯಾರ್ ಬೇಡ ಅಂತಾರೆ.

ಈಗ ನನ್ನ ಡಿಪಾರ್ಟ್‌ಮೆಂಟ್ ವಿಷಯ. ಗುಡ್ಡದ ಮೇಲೆ ಸಾಲಾಗಿ ನಿಂತಿರೋ ಟವರ್ ತೋರ್ಸಿ ಹಾನ್ಸ್ ಹೇಳ್ತಾನೆ, ಇದು ಕರೆಂಟ್ ಸಾಗ್ಸೋ ಲೈನ್ ಅಲ್ಲ, ಟ್ರೋಲ್ ಆಚೆ ಬರದ ಹಂಗೆ ಹಾಕಿರೋ ಬೇಲಿ ಅಂತ. ನಾನು ಎಷ್ಟು ನಕ್ಕೆ ಅಂದ್ರೆ ನಮ್ಮನೆಯವಳು ಏನಾಯ್ತು ಅಂತ ಸೌಟು ಹಿಡ್ಕೊಂಡೇ ಬಂದ್ಲು. 31 ವರ್ಷ ಆ ಟವರ್ ಬುಡದಲ್ಲಿ ಜಂಗಲ್ ಕಟಿಂಗ್ ಮಾಡಿಸಿದೀನಿ, ಬೋಲ್ಟ್ ಕದ್ದವರನ್ನ ಹುಡುಕಿದೀನಿ, ಒಂದಿನಾನೂ ಯಾರೂ ಇದು ಯಾಕೆ ಹಿಂಗೇ ಹೋಗತ್ತೆ ಅಂತ ಕೇಳಿಲ್ಲ. ಜನಕ್ಕೆ ಟವರ್ ಅಂದ್ರೆ ಗುಡ್ಡ ಮರದ ಹಂಗೆ, ಅದು ಅಲ್ಲಿ ಇರೋದೇ. ಹಂಗಾಗಿ ಈ ಸುಳ್ಳು ನಾಟತ್ತೆ, ಕಣ್ಣೆದುರು ಇರೋದನ್ನೇ ಹಿಡ್ಕೊಂಡು ಹೇಳಿದ ಸುಳ್ಳಿದು, ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ, ನಯಾಪೈಸೆ ಖರ್ಚಿಲ್ಲ. ಬಂಡೆ ಚೆಲ್ಲಾಡಿದ್ರೆ ಟ್ರೋಲ್‌ಗಳು ಕಲ್ಲೆಸೆದು ಜಗಳ ಆಡಿದ್ದು. ಮರ ಉರುಳಿದ್ರೆ ಅದು ಹಾದು ಹೋಗಿದ್ದು. ಇಡೀ ನಾರ್ವೆ ದೇಶವೇ ಪುಕ್ಕಟೆ ಸೆಟ್.

ಇನ್ನೊಂದು ಕಾಕತಾಳೀಯ ಮಗಳು ಹುಡುಕಿ ಹೇಳಿದ್ದು. ಸಿನಿಮಾ ಬಂದ 2010ರಲ್ಲೇ ನಾರ್ವೆಯಲ್ಲಿ ಹಾರ್ಡಂಗರ್ ಅನ್ನೋ ಚಂದದ ಕಡೆ 420 ಕೆವಿ ಲೈನ್ ಎಳೆಯೋಕೆ ಸರ್ಕಾರ ಒಪ್ಪಿಗೆ ಕೊಟ್ಟು ದೊಡ್ಡ ಗಲಾಟೆ ಆಗಿತ್ತು. ವಿರೋಧ ಮಾಡೋರು ಆ ಟವರ್‌ಗಳಿಗೆ ಇಟ್ಟ ಹೆಸರೇನು ಗೊತ್ತಾ, ರಾಕ್ಷಸ ಕಂಬ ಅಂತ. ಅದೇ ವರ್ಷ ಥಿಯೇಟರಲ್ಲಿ ಕೂತೋರಿಗೆ ಟವರ್ ಸಾಲು ತೋರ್ಸಿ ಇದು ರಾಕ್ಷಸರ ಬೇಲಿ ಅಂದ್ರೆ ಎಷ್ಟು ಶಿಳ್ಳೆ ಬಿದ್ದಿರಬೇಡ. ನಾವು ಸಾಗರದಲ್ಲಿ ಕೂತು ನೋಡೋರಿಗೆ ಆ ಮಜಾ ಅರ್ಧವೇ ಸಿಗೋದು.

ನಗುವಿನ ಮಧ್ಯೆ ಒಂದು ಕಡೆ ನಾನು ಸುಮ್ಮನಾದೆ. ಹಾನ್ಸ್ ಒಮ್ಮೆ ಹುಡುಗ್ರ ಹತ್ರ ಹಳೇದು ಹೇಳ್ಕೋತಾನೆ, ಹಿಂದೆ ಒಂದು ಕಡೆ ಏನೋ ಕಟ್ಟಡದ ಕೆಲಸಕ್ಕೆ ಜಾಗ ಬೇಕು ಅಂತ ಅಲ್ಲಿದ್ದ ಟ್ರೋಲ್‌ಗಳನ್ನೆಲ್ಲ ಮುಗ್ಸು ಅಂತ ಆರ್ಡರ್ ಬಂತು, ಬಸುರಿ ಟ್ರೋಲು, ನಡೆಯೋಕೆ ಬರದ ಮರಿ, ಯಾವುದನ್ನೂ ಬಿಡ್ಲಿಲ್ಲ ಅಂತ. ಮುಖದಲ್ಲಿ ಅಳು ಇಲ್ಲ, ಸಂಗೀತ ಇಲ್ಲ, ಕ್ಯಾಮೆರಾ ಸುಮ್ನೆ ಅವನ ಮುಖದ ಮೇಲಿದೆ. ಇಷ್ಟು ವರ್ಷದ ಗುಟ್ಟನ್ನ ಈ ಹುಡುಗ್ರ ಕ್ಯಾಮೆರಾ ಮುಂದೆ ಯಾಕೆ ಬಿಚ್ಚಿಡ್ತಿದಾನೆ ಅನ್ನೋದು ಅಲ್ಲಿ ತಿಳಿಯತ್ತೆ. ನಮ್ಮಜ್ಜಿ ತವರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ್ದು, 1964ರಲ್ಲಿ ಡ್ಯಾಮ್ ಮುಗೀತು. ಆ ನೀರಿಂದ ಹುಟ್ಟಿದ ಕರೆಂಟಿನ ಲೈನ್ ಕಾದು ನಾನು ಸಂಬಳ ಎಣ್ಸಿದ್ದು. ಯಾರೂ ನನಗೆ ಯಾರನ್ನೂ ಮುಗ್ಸು ಅಂದಿರಲಿಲ್ಲ ಬಿಡಿ. ಆದ್ರೂ ಆ ಐದು ನಿಮಿಷ ಟ್ರೋಲ್ ಸಿನಿಮಾ ನೋಡ್ತಿದೀನಿ ಅನ್ನೋದು ಮರೆತೇಹೋಗಿತ್ತು.

ತಪ್ಪು ಇಲ್ವಾ ಅಂದ್ರೆ ಇದೆ. ಜೀವ ಹೋಗ್ತಿರೋವಾಗ ಕ್ಯಾಮೆರಾ ಬಿಸಾಕಿ ಓಡದೆ ಯಾಕೆ ಹಿಡ್ಕೊಂಡಿರ್ತಾರೆ ಅನ್ನೋ ಪ್ರಶ್ನೆ ಈ ಜಾತಿ ಸಿನಿಮಾಗೆಲ್ಲ ಹುಟ್ಟುರೋಗ, ಇದಕ್ಕೂ ಇದೆ. ಗುಹೆಯೊಳಗೆ ಟ್ರೋಲ್ ಹಿಂಡಿನ ಮಧ್ಯೆ ಸಿಕ್ಕಾಕೊಂಡಾಗ ಕ್ಯಾಮೆರಾ ಹುಡುಗ ಕಲ್ಲೆ ಬೆವರಿ ನಡುಗ್ತಾನೆ, ಟ್ರೋಲ್‌ಗೆ ಕ್ರಿಶ್ಚಿಯನ್ನರ ರಕ್ತದ ವಾಸನೆ ಬಡಿಯತ್ತೆ ಅನ್ನೋದು ಅಲ್ಲಿನ ಹಳೇ ನಂಬಿಕೆ, ತಾನು ಕ್ರಿಶ್ಚಿಯನ್ ಅನ್ನೋದನ್ನ ಅವನು ಮುಂಚೇನೇ ಸುಳ್ಳು ಹೇಳಿ ಮುಚ್ಚಿಟ್ಟಿರ್ತಾನೆ, ಸಾಯ್ತಾನೆ. ಅದು ಎದೆಗೆ ನಾಟಬೇಕಾದ ಜಾಗ, ಆದ್ರೆ ಎರಡು ಸೀನ್ ಆಗೋದ್ರೊಳಗೆ ಬದಲಿಗೆ ಇನ್ನೊಬ್ಬಳು ಬಂದು ಕ್ಯಾಮೆರಾ ಹಿಡೀತಾಳೆ, ಇವಳು ಮುಸ್ಲಿಂ, ಟ್ರೋಲ್ ಏನ್ ಮಾಡತ್ತೋ ನೋಡೋಣ ಅಂತಾನೆ ಹಾನ್ಸ್. ಜೋಕ್ ಚೆನ್ನಾಗಿದೆ, ಸತ್ತ ಹುಡುಗನಿಗೆ ಮಾತ್ರ ಅನ್ಯಾಯ ಆಯ್ತು. ಕೊನೆಯ ಗುಡ್ಡದಂಥ ಟ್ರೋಲ್‌ನ ಅಷ್ಟು ಹೊತ್ತು ತೋರಿಸಿದ್ದೂ ಜಾಸ್ತಿ ಆಯ್ತು, ಅಲ್ಲಿ ಗ್ರಾಫಿಕ್ಸ್ ಸ್ವಲ್ಪ ಬಣ್ಣ ಬಿಟ್ಟುಕೊಡತ್ತೆ. ಕತ್ತಲ ಕಾಡಿನ ಆ ಮೊದಲ ರಾತ್ರಿಯ ಮುಂದೆ ಅದು ಏನೂ ಅಲ್ಲ.

ಕನ್ನಡದಲ್ಲಿ ಇಂಥಾದ್ದು ನಡೆಯಲ್ಲ ಅಂತಾನೂ ಲೇಖನದಲ್ಲಿತ್ತು. ನಡೆದಿದೆಯಲ್ಲ ಸಾರ್. 2013ರಲ್ಲಿ ಕೆ.ಎಸ್. ಅಶೋಕ ಅವರ 6-5=2 ಬಂದಾಗ ನಮ್ಮ ಆಫೀಸಿನ ಹುಡುಗ್ರು ಅದು ನಿಜಕ್ಕೂ ಸಿಕ್ಕಿದ ಕ್ಯಾಮೆರಾದ್ದೇ ಅಂತ ಟೀ ಅಂಗಡೀಲಿ ಜಗಳ ಆಡಿದ್ರು. ಟ್ರೆಕ್ಕಿಂಗ್ ಹೋದ 6 ಜನ, ಕಾಡು, ಕ್ಯಾಮೆರಾ, ಅಷ್ಟೇ. ದೊಡ್ಡ ಸ್ಟಾರ್ ಇಲ್ಲ, ಫಾರಿನ್ ಸಾಂಗಿಲ್ಲ. ಆಮೇಲೆ ಹಿಂದಿಯವರೂ ಅದನ್ನ ತಗೊಂಡು ಮಾಡಿದ್ರು. ಅದು ದೆವ್ವದ್ದು, ರಾಕ್ಷಸಂದಲ್ಲ, ನನಗೆ ಅಷ್ಟು ರುಚಿಸಿರಲಿಲ್ಲ ಅನ್ನೋದು ಬೇರೆ ಮಾತು. ಆ ಥರದ್ದು ಇನ್ನೂ ಹತ್ತು ಬರಬೇಕಿತ್ತು, ನಮ್ಮ ಕಡೆ ರಾತ್ರಿ ಡ್ಯೂಟಿ ಮಾಡೋರು ಕಮ್ಮಿ ಇದಾರಾ, ಫಾರೆಸ್ಟ್ ವಾಚರ್ ಇದಾನೆ, ಆನೆ ಓಡ್ಸೋರಿದಾರೆ, ಡ್ಯಾಮ್ ಗೇಟ್ ಕಾಯೋನಿದಾನೆ. ಒಬ್ಬೊಬ್ಬನ ಹತ್ರ ಕೂತು ಒಂದು ಟೀ ಕುಡಿಸಿ ಕೇಳಿದ್ರೆ ಸಾಕು.

ಸಿನಿಮಾದ ಕೊನೆ ಹೇಳಿಬಿಡ್ತೀನಿ, ನೋಡದೇ ಇರೋರು ಇಲ್ಲಿಗೇ ನಿಲ್ಸಿ. ಹುಡುಗ್ರು ಏನಾದ್ರು ಅಂತ ಗೊತ್ತಾಗಲ್ಲ, ಸರ್ಕಾರದವರು ಬೆನ್ನು ಹತ್ತಿರ್ತಾರೆ, ಫೂಟೇಜ್ ನಿಂತು ಹೋಗತ್ತೆ. ಆಮೇಲೆ ಪರದೆ ಮೇಲೆ ಬರೋದು ಆಗಿನ ನಾರ್ವೆ ಪ್ರಧಾನಿ ಯೆನ್ಸ್ ಸ್ಟೋಲ್ಟೆನ್‌ಬರ್ಗ್, ಆಮೇಲೆ ನ್ಯಾಟೋ ಮುಖ್ಯಸ್ಥ ಆದ್ರಲ್ಲ, ಸಾಕ್ಷಾತ್ ಅವರೇ. ನಾರ್ವೆಯ ಸಮುದ್ರದಲ್ಲಿ ಎಣ್ಣೆ ಗ್ಯಾಸ್ ತೆಗೆಯೋ ಒಂದು ದೊಡ್ಡ ಜಾಗದ ಹೆಸರು ನಿಜಕ್ಕೂ ಟ್ರೋಲ್ ಅಂತಾನೇ ಇದೆ, ಅವರು ಯಾವತ್ತೋ ಪ್ರೆಸ್‌ಮೀಟಲ್ಲಿ ಅದರ ಬಗ್ಗೆ ಮಾತಾಡಿದ್ದನ್ನ ಇವರು ಬೇಕಾದ ಕಡೆ ಕತ್ತರಿಸಿ ಜೋಡಿಸಿದಾರೆ. ಪ್ರಧಾನಿ ಬಾಯಲ್ಲೇ ನಮ್ಮ ದೇಶದಲ್ಲಿ ಟ್ರೋಲ್ ಇದೆ ಅನ್ನೋ ಅರ್ಥ ಬರತ್ತೆ, ಎದುರು ಕೂತ ಪತ್ರಕರ್ತರು ಒಬ್ರೂ ಹುಬ್ಬು ಹಾರಿಸದೆ ತಲೆ ತಗ್ಗಿಸಿ ಬರ್ಕೋತಾ ಇರ್ತಾರೆ.

ನಿಮ್ಮ ವರದಿಗಾರರಿಗೂ ಒಂದ್ಸಲ ತೋರ್ಸಿ.

ಇಂತಿ ನಿಮ್ಮ ಹಳೇ ಓದುಗ,
ಸಾಗರ